ಮೊದಲು ಮುಟ್ಟಿದ ಹಡಗು

ರಾಥ್‌ಸೇ ಹಡಗುಕಟ್ಟೆ ಕೈಗೆಟುಕುವಷ್ಟು ಹತ್ತಿರ ಬಂದರೂ ಕ್ಯಾಪ್ಟನ್ ಲಾಕ್ಲನ್ ತಿರುಗಿ ತಿರುಗಿ ಹಿಂದಿನ ಹೊಗೆಯನ್ನೇ ನೋಡುತ್ತಿದ್ದ. ಅದು ಎದುರಾಳಿ ರೈಲು ಕಂಪನಿಯ ಹಡಗಿನ ಹೊಗೆ; ಆಚೆ ದಡದಲ್ಲಿ ರೈಲಿಳಿದವರನ್ನು ಮೊದಲು ಈ ದ್ವೀಪಕ್ಕೆ ಮುಟ್ಟಿಸಲು ಎರಡು ಕಂಪನಿಗಳಿಗೂ ದಿನಾ ಪೈಪೋಟಿ. "ಇವತ್ತೂ ಸೋತ್ರೆ ಕ್ಯಾಪ್ಟನ್ ಟೋಪಿ ಬಿಚ್ಚಿಟ್ಟು ಹೋಗಪ್ಪ" ಎಂದಿದ್ದ ತನ್ನ ಕಂಪನಿಯ ಮ್ಯಾನೇಜರ್, ಈ ಹಡಗಿನಲ್ಲಿ ಬರಬೇಕಿದ್ದ ಹೆಂಡತಿಗಾಗಿ ಹೂಗುಚ್ಛ ಹಿಡಿದು ಕಟ್ಟೆಯ ಮೇಲೇ ನಿಂತಿದ್ದ. ಲಾಕ್ಲನ್ ಓಡಿಸಿದ ರಭಸಕ್ಕೆ ಕ್ಲೈಡ್ ಕೊಲ್ಲಿಯ ಮೀನುಗಳು ನೀರಿನಲ್ಲೇ ಬೆಂದವು. ಕಡಲಹಕ್ಕಿಗಳು ಸಮಕ್ಕೆ ಹಾರಲಾರದೆ ಅಳುತ್ತ ಮನೆಗೆ ಹೋದವು.

"ಗೆದ್ವಿ ಕಣೋ ಮರ್ಡೊ. ಹಲಗೆ ಹಾಕು, ಜನ ಇಳೀಲಿ."

ಸಹಾಯಕ ಮರ್ಡೊ ಹಲಗೆ ಹಾಕಿದ. ಯಾರೂ ಇಳಿಯಲಿಲ್ಲ.

"ಜನ ಎಲ್ಲೋ?"

"ರೈಲಿನ ಸಿಳ್ಳೆ ಕೇಳಿದ್ದೇ ತಡ ಹಗ್ಗ ಬಿಚ್ಚು ಅಂದ್ರಿ ಕ್ಯಾಪ್ಟನ್ರೇ. ರೈಲು ಇನ್ನೂ ನಿಂತೇ ಇರ್ಲಿಲ್ಲ."

"ಹೇಳೋಕೇನಾಗಿತ್ತೋ ನಿಂಗೆ?"

"ಬಾಯಿ ಬಿಟ್ರೆ ನೀರಿಗೆ ಹಾಕ್ತೀನಿ ಅಂದಿದ್ರಲ್ಲ."

ಅಷ್ಟರಲ್ಲಿ ಎದುರಾಳಿ ಹಡಗು ಇವರ ಜನವನ್ನೂ ಹೇರಿಕೊಂಡು ತುಂಬು ಬಸುರಿಯಂತೆ ಏದುಸಿರು ಬಿಡುತ್ತ ಬಂತು. ಅದರ ಕಟಕಟೆಗೆ ಒರಗಿ ಮ್ಯಾನೇಜರನ ಹೆಂಡತಿ ಗಂಡನಿಗೆ ಕೈ ಬೀಸುತ್ತಿದ್ದಳು.

ಲಾಕ್ಲನ್ ತನ್ನ ಟೋಪಿಯನ್ನು ತೆಗೆದು ಮರ್ಡೊನ ತಲೆಗಿಟ್ಟು, ಹಲಗೆಯ ಮೇಲೆ ನಡೆದ. ಆ ದಿನ ಆ ಹಡಗಿನಿಂದ ಇಳಿದ ಪ್ರಯಾಣಿಕ ಅವನೊಬ್ಬನೇ.