ಕೊನೆಯ ಒಂಬತ್ತು ಕಿಲೋಮೀಟರ್

‘ಅಭಿನಂದನೆ! ವರ್ಷದ ಗುರಿ ಆರು ಸಾವಿರ ಕಿಲೋಮೀಟರ್ ಪೂರ್ಣ’ ಎಂದು ಕಾಶಿನಾಥನ ಫೋನಿನ ಸೈಕ್ಲಿಂಗ್ ಆ್ಯಪ್ ತೋರಿಸಿತು. ಅವನು ಸೈಕಲ್ಲಿನಿಂದ ಬಿದ್ದು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಪೊಲೀಸರು ಮರಳಿಸಿದ ಫೋನನ್ನು ಹೆಂಡತಿ ನೇತ್ರಾ ಆಗಷ್ಟೇ ಚಾರ್ಜಿಗೆ ಹಾಕಿದ್ದಳು.

“ಗುರಿ ಮುಟ್ಟಿಬಿಟ್ಟಾನ ನೋಡ್ರಿ ವೈನಿ,” ಎಂದ ಶರಣ. ಪ್ರತಿ ಭಾನುವಾರ ಮುಂಬೈನ ಮುಲುಂಡ್‌ನಿಂದ ಕಾಶಿನಾಥನ ಜೊತೆ ಸೈಕಲ್ ಹೊಡೆಯುತ್ತಿದ್ದ ಗೆಳೆಯ, ಅವತ್ತೂ ಜೊತೆಗಿದ್ದವನು.

“ಎಲ್ಲಿ ಮುಟ್ಯಾರ? ಕಡೀ ಒಂಬತ್ತು ಕಿಲೋಮೀಟರ್ ಆಂಬುಲೆನ್ಸಿಂದು. ಫೋನ್ ಕಿಸೇದಾಗ ಇತ್ತಲ್ಲ. ಪಂಕ್ಚರಾಗಿ ಟೆಂಪೋದಾಗ ಬಂದ್ರ, ಅಷ್ಟು ದೂರ ಕತ್ತರಿಸಿ ತಗದಽ ಚಹಾ ಕುಡೀತಿದ್ರು ಅವರು. ಖೋಟಾ ಕಿಲೋಮೀಟರ್ ನನಗ ಬ್ಯಾಡ ಅಂತಿದ್ರು.”

“ಇದೊಂದು ಸಲ ಇರ್ಲಿ ಬಿಡ್ರಿ ವೈನಿ. ಕೊಡ್ರಿಲ್ಲೆ ಫೋನು.”

ಅವಳು ಕೊಡಲಿಲ್ಲ. ಗಂಡ ಮಾಡುತ್ತಿದ್ದಂತೆಯೇ ನಕ್ಷೆಯ ಕೊನೆಯ ಚುಕ್ಕೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದಳು. ಆಸ್ಪತ್ರೆ ಹೋಯಿತು, ಹೆದ್ದಾರಿ ಹೋಯಿತು, ಮೇಲ್ಸೇತುವೆ ಹೋಯಿತು. ಘಾಟ್ಕೋಪರ್‌ನಲ್ಲಿ ಅವನು ಬಿದ್ದ ಜಾಗಕ್ಕೆ ಬಂದ ಚುಕ್ಕೆ ಅಲ್ಲೇ ನಿಂತಿತು. ಎಷ್ಟು ಎಳೆದರೂ ಅದು ಕದಲಲಿಲ್ಲ, ಪಕ್ಕದಲ್ಲಿದ್ದ ಸಮಯ ಮಾತ್ರ ಹಿಂದೆ ಸರಿಯುತ್ತಿತ್ತು. ಏಳು ಐವತ್ತೆರಡು. ಏಳು ನಲವತ್ತು. ಏಳು ಇಪ್ಪತ್ತೊಂದು. ಕೆಳಗೆ, ಅವನು ಎದೆಗೆ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯಿಂದ ದಾಖಲಾದ ಹೃದಯ ಬಡಿತದ ಕೆಂಪು ಗೆರೆ, ಆ ಮೂವತ್ತೊಂದು ನಿಮಿಷವೂ ಸಣ್ಣಗೆ ಏರುತ್ತ ಇಳಿಯುತ್ತ ಇತ್ತು.

ನೇತ್ರಾ ಬೆರಳೆತ್ತಲಿಲ್ಲ.

“ಬಿದ್ದ ಕೂಡ್ಲೇ ಹೋದ್ರು ಅಂದಿದ್ರಲ್ಲ, ಶರಣಣ್ಣ?”