ಗಾಜಿನ ಮೇಲೊಂದು ಕಿಂಡಿ

ಭುಜಂಗ ಹಳೆಯ ಲೈಬ್ರರಿ ಕಾರ್ಡಿನಿಂದ ಕಾರಿನ ಮುಂಗಾಜನ್ನು ಕೆರೆದು, ಊಟದ ತಟ್ಟೆಯಷ್ಟು ಜಾಗ ಬಿಡಿಸಿಕೊಂಡು ಒಳಗೆ ಕುಳಿತ. ರಾತ್ರಿ ಬಿದ್ದ ಗೇಣುದ್ದ ಹಿಮ ಕಾರಿನ ನೆತ್ತಿಯ ಮೇಲೆ ಹಾಗೇ ಇತ್ತು.

"ಮೇಲಿನ ಸ್ನೋ ತೆಗೀರಿ. ಹಿಂದೆ ಟ್ರಂಕಲ್ಲಿ ಬ್ರಶ್ ಉಂಟಲ್ಲ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಸರೋಜಿನಿ.

"ಟೈಮ್ ಇಲ್ಲ ಮಾರಾಯ್ತಿ. ಒಂಬತ್ತಕ್ಕೆ ಮ್ಯಾನೇಜರ್ ಕರೆದಿದ್ದಾನೆ. ವೀಸಾ ಎಕ್ಸ್‌ಟೆಂಡ್ ಮಾಡ್ತಾರಾ ಇಲ್ವಾ ಅಂತ ಇವತ್ತೇ ಗೊತ್ತಾಗುದು."

"ಇಷ್ಟರಲ್ಲಿ ರೋಡ್ ಕಾಣ್ತದಾ?"

"ಕನಕನಿಗೆ ಇಷ್ಟೇ ಕಿಂಡೀಲಿ ದೇವರೇ ಕಂಡ. ನನಗೆ ರೋಡ್ ಕಾಣ್ಲಿಕ್ಕಿಲ್ವಾ?"

ಸರೋಜಿನಿ ಉಡುಪಿಯವಳು, ಕನಕನ ಕಿಂಡಿ ನೋಡಿಯೇ ಬೆಳೆದವಳು. ಬೆಲ್ಟ್ ಬಿಗಿದುಕೊಂಡಳು.

ಹೀಟರಿನ ಬಿಸಿಗೆ ನೆತ್ತಿಯ ಹಿಮ ಅಡಿಯಿಂದ ಕರಗುತ್ತಿದ್ದುದು ಭುಜಂಗನಿಗೆ ಗೊತ್ತಾಗಲಿಲ್ಲ. ಅವರಿದ್ದ ರೆಸ್ಟನ್ ಊರಿನ ಕೆರೆಯ ತಿರುವಿನಲ್ಲಿ ಕೆಂಪು ದೀಪ ಕಂಡು ಬ್ರೇಕ್ ಒತ್ತಿದ. ಅಷ್ಟೂ ಹಿಮ ಜಾರಿ ಮುಂಗಾಜಿನ ಮೇಲೆ ಬಿತ್ತು. ಒಳಗೆ ಕತ್ತಲಾಯಿತು. ವೈಪರ್ ಒಮ್ಮೆ ನರಳಿ ನಿಂತಿತು. ಕಾರು ಮಾತ್ರ ನಿಲ್ಲದೆ ಜಾರಿತು. ಎಷ್ಟು ದೂರ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಕಾರು ನಿಂತ ಮೇಲೆ ಇಬ್ಬರೂ ಇಳಿದರು. ರಸ್ತೆಯ ತೆಳು ಹಿಮದ ಮೇಲೆ ಯಾರದೋ ಬೂಟಿನ ಗುರುತು ಬಲಗಡೆಯಿಂದ ನೇರ ಬಂದು ಕಾರಿನ ಅಡಿ ಸೇರಿತ್ತು. ಭುಜಂಗ ಮಂಡಿಯೂರಿ ಬಗ್ಗಿ ನೋಡಿದ. ಅಡಿಯಲ್ಲಿ ಯಾರೂ ಇರಲಿಲ್ಲ. ಗುರುತು ಚಕ್ರದ ಬಳಿ ತಿರುಗಿ, ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಬಂದ ಕಡೆಗೇ ಹೋಗಿತ್ತು. ರಸ್ತೆ ಬದಿಯ ಹಿಮದ ಗುಡ್ಡೆಯ ಮೇಲೆ ಒಬ್ಬ ಮುದುಕ ಕುಳಿತು ಏದುಸಿರು ಬಿಡುತ್ತಿದ್ದ.

"ಸಾರಿ," ಎಂದ ಭುಜಂಗ. ಮುದುಕ ಕಾರಿನ ನೆತ್ತಿಯ ಕಡೆ ಒಮ್ಮೆ ಬೆರಳು ತೋರಿಸಿ, ಎದ್ದು, ರಸ್ತೆ ದಾಟಿ ಹೋದ.

ಭುಜಂಗ ಗಾಜಿನ ಹಿಮ ಕೈಯಿಂದ ತಳ್ಳಿ ಕಾರನ್ನು ಬದಿಗೆ ಹಾಕಿದ. ಸರೋಜಿನಿ ಟ್ರಂಕಿನಿಂದ ಬ್ರಶ್ ತಂದುಕೊಟ್ಟಳು. ಹೋದ ವರ್ಷ ಹಿಮ ಅಪರೂಪದ ಅಟ್ಲಾಂಟಾ ಬಿಟ್ಟು ಇಲ್ಲಿಗೆ ಬಂದಾಗ ಕೊಂಡದ್ದು, ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ. ಅವನು ಉಳಿದ ಹಿಮ ಗುಡಿಸತೊಡಗಿದ. ಹಿಂದಿನ ಗಾಜು, ದೀಪಗಳು, ಎಲ್ಲ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಒಂಬತ್ತು ದಾಟಿತ್ತು. ಅವನು ತೆಗೆಯಲಿಲ್ಲ.

ಸರೋಜಿನಿ ಆ ಹೆಜ್ಜೆ ಗುರುತನ್ನೇ ನೋಡುತ್ತ ನಿಂತಿದ್ದಳು.

"ಕನಕನ ಕಥೇಲೂ ತಿರುಗಿದ್ದು ದೇವರಲ್ವಾ," ಎಂದಳು. "ಕನಕ ಅಲ್ಲ."