ಸೋಸಿದ ಮಾತು

ಗಾಳಿ ಸದ್ದು ಹೊರುವುದನ್ನು ಬಿಟ್ಟ ಮೇಲೆ ಗಂಟಲಿಗೊಂದು ಮೈಕು, ಕಿವಿಗೊಂದು ಇಯರ್‌ಫೋನು ಗದಗಿನ ಜನಕ್ಕೆ ಚಪ್ಪಲಿ ಮೆಟ್ಟಿದಷ್ಟೇ ಸಹಜವಾಗಿತ್ತು. ನೀಲವ್ವನ ಹಳೆಯ ಇಯರ್‌ಫೋನು ಈಚೆಗೆ ತಡವರಿಸುತ್ತಿತ್ತು. ಸಂಜೆ ಗಂಡ ರಾಚಪ್ಪನನ್ನು ದವಾಖಾನೆಗೆ ಸೇರಿಸಬೇಕಿತ್ತು. ಮರಳಿ ಮನೆಗೆ ಕಳಿಸುವ ಮಾತನ್ನು ಡಾಕ್ಟರು ಎತ್ತಿರಲೇ ಇಲ್ಲ. ಇರುವಷ್ಟು ದಿನ ಅವನ ದನಿಯಾದರೂ ನೆಟ್ಟಗೆ ಕೇಳಲಿ ಎಂದು ಇಬ್ಬರೂ ಇಮಾಮಸಾಬನ ಅಂಗಡಿಗೆ ಬಂದಿದ್ದರು.

ಇಮಾಮಸಾಬ ಎರಡು ಜೋಡಿ ಹೊಸ ಇಯರ್‌ಫೋನುಗಳನ್ನು ಮುಂದಿಟ್ಟ. "ಎರಡೂ ಛಲೋ ಮಾಲ. ಇದಕ್ಕ ಅದರ ಎರಡು ಪಟ್ಟು ರೊಕ್ಕ. ಯಜಮಾನ್ರ, ಎರಡಕ್ಕೂ ಒಂದ ಮಾತು ಅನ್ರಿ, ಅಕ್ಕಾರಿಗೆ ಫರಕ್ ತಿಳೀತದ."

ನೀಲವ್ವ ಮೊದಲು ಸಸ್ತಾದ್ದನ್ನು ಹಾಕಿಕೊಂಡಳು. ಗೊರಗೊರ ಉಸಿರಿನ ನಡುವೆ ರಾಚಪ್ಪನ ದನಿ ಬಂತು: "ನೀಲಾ, ನಾ ಹೋಗ್ತೀನಿ."

ಅವಳು ಥಟ್ಟನೆ ಅದನ್ನು ಕಿವಿಯಿಂದ ಕಿತ್ತಳು. ಮದುವೆಯಾದಂದಿನಿಂದ ಹೊಸ್ತಿಲು ದಾಟುವಾಗೆಲ್ಲ 'ಬರ್ತೀನಿ' ಎಂದೇ ಅಂದ ಮನುಷ್ಯ.

"ಬಿಡ್ತು ಅನ್ರಿ!" ಎಂದು ಗದರಿ ತುಟ್ಟಿಯದನ್ನು ಹಾಕಿಕೊಂಡಳು.

"ನೀಲಾ, ನಾ ಬರ್ತೀನಿ."

ಕೆಮ್ಮಿಲ್ಲ, ಗೊರಗೊರವಿಲ್ಲ. ಮದುವೆಯಾದ ಹೊಸದರಲ್ಲಿದ್ದ ಅದೇ ದನಿ. ನೀಲವ್ವನ ಕಣ್ಣು ತುಂಬಿತು. "ತುಟ್ಟಿ ಆದ್ರೂ ಇದ ಇರ್ಲಿ."

"ಮತ್ತ! ರೊಕ್ಕಕ್ಕ ತಕ್ಕ ಮಾಲರೀ," ಇಮಾಮಸಾಬ ಹಿಗ್ಗಿದ. "ಕೆಮ್ಮು, ಅಪಶಕುನದ ಮಾತು, ಎಲ್ಲಾ ಸೋಸತದ."

ನೀಲವ್ವ ಗಂಡನ ಕಡೆ ತಿರುಗಿದಳು. "ಇನ್ನೊಮ್ಮೆ ಅನ್ರಿ."

'ನಾ ಬರ್ತೀನಿ' ಎಂದು ಕಿವಿಯಲ್ಲಿ ತಿಳಿಯಾಗಿ ಕೇಳಿಸಿತು. 'ಬ' ಅನ್ನಲು ತಾಗಬೇಕಿದ್ದ ಅವನ ತುಟಿಗಳು ಒಂದಕ್ಕೊಂದು ತಾಗಲೇ ಇಲ್ಲ.